ಮೂವತ್ತೊಂದು ದಿನ: ಪ್ರೈವೇಟ್ ಹ್ಯಾರಿ ಫಾರ್ ಪ್ರಕರಣ

ಮೊದಲ ಮಹಾಯುದ್ಧದ ಕಾಲ. 1916ರ ಅಕ್ಟೋಬರ್ 18, ಬೆಳಗಿನ ಆರು ಗಂಟೆ. ಫ್ರಾನ್ಸಿನ ಸೋಮ್ ರಣರಂಗದ ಹಿಂಬದಿಯಲ್ಲಿದ್ದ ಕಾರ್ನುವಾ ಎಂಬ ಹಳ್ಳಿಯಲ್ಲಿ ಒಬ್ಬ ಬ್ರಿಟಿಷ್ ಸೈನಿಕನನ್ನು ಬ್ರಿಟಿಷ್ ಸೈನಿಕರೇ ಸಾಲಾಗಿ ನಿಂತು ಗುಂಡಿಟ್ಟು ಕೊಂದರು. ಸತ್ತವನು ಹ್ಯಾರಿ ಫಾರ್. ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ. ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ 1ನೇ ಬೆಟಾಲಿಯನ್ನಿನವನು, ವಯಸ್ಸು 25. ಲಂಡನ್ನಿನಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳು ಇದ್ದರು. ಅವನ ಮೇಲಿದ್ದ ಆರೋಪ, ಶತ್ರುವಿನ ಎದುರಿನಲ್ಲಿ ಹೇಡಿತನ ತೋರಿದ್ದು.

ಆರೋಪಕ್ಕೆ ಕಾರಣವಾದ ಘಟನೆ ನಡೆದದ್ದು ಸೆಪ್ಟೆಂಬರ್ 17ರ ರಾತ್ರಿ. ಅಲ್ಲಿಂದ ಗುಂಡಿಕ್ಕುವ ಬೆಳಗಿನವರೆಗೆ ಮೂವತ್ತೊಂದು ದಿನ. ಅಷ್ಟು ದಿನಗಳಲ್ಲಿ ಅವನ ಕಡತ ಬೆಟಾಲಿಯನ್ನಿನಿಂದ ಪ್ರಧಾನ ದಂಡನಾಯಕನ ಮೇಜಿನವರೆಗೆ ಹೋಗಿ ವಾಪಸು ಬಂತು. ದಾರಿಯಲ್ಲಿ ಯಾರೂ ಅಂದಿನ ಕಾನೂನನ್ನು ಮೀರಲಿಲ್ಲ. ಆದರೂ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಎಂಬಂತೆ ಆರೋಪಿಯೇ ನ್ಯಾಯಾಲಯದಲ್ಲಿ ಒಂದು ಮಾತು ಹೇಳಿದ, ಅದನ್ನು ಬರೆದುಕೊಂಡರು, ಅಲ್ಲಿಗೇ ಬಿಟ್ಟರು. ಈ ಪ್ರಕರಣದ ತಿರುಳು ಆ ಮಾತಿನಲ್ಲಿದೆ.

ಅವನು ಹೊಸಬನಲ್ಲ

ಹೇಡಿತನ ಎಂದ ಕೂಡಲೇ ಮೊದಲ ಬಾರಿ ಗುಂಡಿನ ಸದ್ದು ಕೇಳಿ ಬೆಚ್ಚಿ ಓಡಿದ ಎಳೆ ಹುಡುಗ ಕಣ್ಣ ಮುಂದೆ ಬರುತ್ತಾನೆ. ಫಾರ್ ಅಂಥವನಲ್ಲ. 1908ರಲ್ಲೇ ತಾನಾಗಿ ಸೇನೆ ಸೇರಿದ್ದ. 1912ರವರೆಗೆ ಸೇವೆ ಮಾಡಿ ಮೀಸಲು ಪಡೆಗೆ ಬಂದಿದ್ದ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಮೀಸಲಿನವರಿಗೆ ಕರೆ ಬಂತು, ಹೋದ. ಮೊದಲು ಇದ್ದದ್ದು ಅದೇ ರೆಜಿಮೆಂಟಿನ 2ನೇ ಬೆಟಾಲಿಯನ್ನಿನಲ್ಲಿ. ಅದು 8ನೇ ಡಿವಿಷನ್ನಿಗೆ ಸೇರಿದ ಪಡೆ. 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ನವ್ ಶಪೆಲ್ ಕದನದಲ್ಲಿ ಈ ಡಿವಿಷನ್ ಹೋರಾಡಿದ್ದು ಭಾರತೀಯ ಕೋರಿನ ಲಾಹೋರ್, ಮೀರತ್ ಡಿವಿಷನ್ನುಗಳ ಪಕ್ಕದಲ್ಲೇ. ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನಲ್ಲಿ ಸತ್ತು ಗೋರಿ ಸಿಗದ ಭಾರತೀಯ ಸೈನಿಕರ ಸ್ಮಾರಕ ಇಂದು ಅದೇ ಊರಿನಲ್ಲಿದೆ.

1915ರ ಮೇ 9ರಂದು ಓಬರ್ಸ್ ದಿಬ್ಬದ ಮೇಲೆ ನಡೆದ ದಾಳಿ ಬ್ರಿಟಿಷರ ಪಾಲಿಗೆ ಆ ವರ್ಷದ ಅತಿ ಕೆಟ್ಟ ದಿನಗಳಲ್ಲೊಂದು. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಹನ್ನೊಂದು ಸಾವಿರಕ್ಕೂ ಹೆಚ್ಚು. ಫಾರ್ ಕುಸಿದದ್ದು ಆ ದಿನಗಳಲ್ಲೇ. ಬುಲೋನಿನ ಸೇನಾ ಆಸ್ಪತ್ರೆಯಲ್ಲಿ ಅವನು ಐದು ತಿಂಗಳಿದ್ದ. ಅಲ್ಲಿಂದ ಹೆಂಡತಿಗೆ ಬಂದ ಕಾಗದಗಳ ಅಕ್ಷರ ಅವನದಲ್ಲ. ಪೆನ್ನು ಹಿಡಿಯಲಾಗದಷ್ಟು ಕೈ ನಡುಗುತ್ತಿದ್ದುದರಿಂದ ನರ್ಸ್ ಒಬ್ಬರು ಅವನ ಪರವಾಗಿ ಬರೆಯುತ್ತಿದ್ದರು.

ಐದು ತಿಂಗಳ ನಂತರ, ಅಕ್ಟೋಬರಿನಲ್ಲಿ, ಅವನನ್ನು ಮತ್ತೆ ಮುಂಚೂಣಿಗೆ ಕಳಿಸಿದರು. ಈಗ 1ನೇ ಬೆಟಾಲಿಯನ್, 6ನೇ ಡಿವಿಷನ್, ಬೆಲ್ಜಿಯಮ್ಮಿನ ಈಪ್ರ್ ಸುತ್ತಮುತ್ತ. ಮೂರು ಕಡೆಯಿಂದ ಜರ್ಮನ್ ಫಿರಂಗಿ ಬೀಳುತ್ತಿದ್ದ ಜಾಗ ಅದು. ಆರು ತಿಂಗಳು ತಡೆದುಕೊಂಡ. 1916ರ ಏಪ್ರಿಲ್‌ನಲ್ಲಿ ನರಗಳು ಕೆಟ್ಟಿವೆ ಎಂದು ವೈದ್ಯಾಧಿಕಾರಿಯ ಬಳಿ ಹೋದ, ಹದಿನೈದು ದಿನ ಚಿಕಿತ್ಸಾ ಠಾಣೆಯಲ್ಲಿ ಇಟ್ಟುಕೊಂಡರು. ಜುಲೈ 22ರಂದು ಮತ್ತೆ ಹೋದ, ಮಾರನೆಯ ದಿನವೇ ವಾಪಸು ಕಳಿಸಿದರು.

ಈ ಮೂರು ಅವಧಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಐದು ತಿಂಗಳು, ಹದಿನೈದು ದಿನ, ಒಂದು ದಿನ. ಕಾಯಿಲೆ ಮರುಕಳಿಸಿದ ಹಾಗೆಲ್ಲ ಸಿಕ್ಕ ವಿಶ್ರಾಂತಿ ಕಡಿಮೆಯಾಗುತ್ತ ಬಂದಿದೆ. ನಾಲ್ಕನೆಯ ಸಲ ಅವನು ಹೋದಾಗ ನೋಡಲಿಕ್ಕೇ ಒಪ್ಪಲಿಲ್ಲ.

ಸೆಪ್ಟೆಂಬರ್ 16 ಮತ್ತು 17

1916ರ ಆಗಸ್ಟಿನಲ್ಲಿ 6ನೇ ಡಿವಿಷನ್ನನ್ನು ಸೋಮ್‌ಗೆ ತಂದರು. ಸೆಪ್ಟೆಂಬರ್ 15ರಂದು ಫ್ಲೇರ್–ಕೂರ್ಸಲೆಟ್ ಕದನ ಆರಂಭವಾಯಿತು. ಜಗತ್ತಿನ ಯುದ್ಧಗಳಲ್ಲಿ ಟ್ಯಾಂಕುಗಳು ಮೊದಲ ಬಾರಿ ಇಳಿದದ್ದು ಅಂದೇ. 6ನೇ ಡಿವಿಷನ್ನಿನ ಎದುರಿಗೆ ಇದ್ದದ್ದು ಜಾಂಶಿ ಊರಿನ ಪೂರ್ವಕ್ಕೆ ಜರ್ಮನರು ಕಟ್ಟಿಕೊಂಡಿದ್ದ ಬಲವಾದ ನೆಲೆ. ಬ್ರಿಟಿಷರು ಅದನ್ನು ಕ್ವಾಡ್ರಿಲ್ಯಾಟರಲ್ ಎನ್ನುತ್ತಿದ್ದರು, ನಾಲ್ಕು ಮೂಲೆಯ ಕೋಟೆ ಎಂದುಕೊಳ್ಳಬಹುದು. 15ರ ದಾಳಿಯಲ್ಲಿ ಅದು ಬೀಳಲಿಲ್ಲ, ಡಿವಿಷನ್ ಬಹಳ ಜನರನ್ನು ಕಳೆದುಕೊಂಡಿತು. ಮುಂದಿನ ದಾಳಿ 18ರಂದು. ಫಾರ್‌ನ ಬೆಟಾಲಿಯನ್ ಮುಂದಕ್ಕೆ ಸಾಗಿದ್ದು ಈ ಎರಡು ದಾಳಿಗಳ ನಡುವಿನ ದಿನಗಳಲ್ಲಿ.

16ರಂದು ಕಂದಕಗಳ ಕಡೆಗೆ ನಡೆಯುವಾಗ ಫಾರ್ ಸಾಲಿನಿಂದ ಹೊರಬಿದ್ದ, ಕಾಯಿಲೆ ಎಂದ. 17ರ ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ಬೆಟಾಲಿಯನ್ನಿನ ಸಾಗಣೆ ಠಾಣೆಗೆ ಬಂದು ರೆಜಿಮೆಂಟಲ್ ಸಾರ್ಜೆಂಟ್ ಮೇಜರ್ ಮುಂದೆ ತಾನಾಗಿಯೇ ಹಾಜರಾದ. ಸಾಗಣೆ ಠಾಣೆ ಎಂದರೆ ಮುಂಚೂಣಿಯಿಂದ ಹಿಂದೆ, ಕುದುರೆ, ಗಾಡಿ, ಅಡುಗೆ ಸಾಮಾನು ಎಲ್ಲ ಇರುವ ಜಾಗ. ಅಲ್ಲಿಂದ ಪ್ರತಿ ರಾತ್ರಿ ಕತ್ತಲಾದ ಮೇಲೆ ಊಟ, ನೀರು ಹೊತ್ತ ತಂಡ ಕಂದಕಗಳಿಗೆ ಹೋಗುತ್ತಿತ್ತು.

ತಾನಾಗಿ ಹಾಜರಾದ ಎಂಬುದು ಮುಖ್ಯ. ಓಡಿಹೋಗುವವನು ಸಾರ್ಜೆಂಟ್ ಮೇಜರ್ ಇರುವಲ್ಲಿಗೆ ಬರುವುದಿಲ್ಲ. ಮುಂದೆ ಅವನ ಮೇಲೆ ಪಲಾಯನದ ಆರೋಪ ಹೊರಿಸದೆ ಹೇಡಿತನದ ಆರೋಪ ಹೊರಿಸಿದ್ದಕ್ಕೆ ಕಾರಣ ಇದೇ. ಅವನು ಎಲ್ಲಿಗೂ ಓಡಿಹೋಗಿರಲಿಲ್ಲ.

ಚಿಕಿತ್ಸಾ ಠಾಣೆಗೆ ಹೋಗು ಎಂದರು. ಹೋಗಿ ಬಂದು, ಮೈಮೇಲೆ ಗಾಯ ಇಲ್ಲದ್ದರಿಂದ ಅಲ್ಲಿ ತನ್ನನ್ನು ನೋಡಲಿಲ್ಲ ಎಂದು ಹೇಳಿದ. ಇದರಲ್ಲಿ ಅಚ್ಚರಿ ಏನೂ ಇಲ್ಲ. ದೊಡ್ಡ ದಾಳಿಯ ಮೂರನೆಯ ದಿನ, ಸ್ಟ್ರೆಚರುಗಳು ಸಾಲುಗಟ್ಟಿರುವಾಗ, ರಕ್ತ ಸುರಿಯುತ್ತಿರುವವರನ್ನು ಬಿಟ್ಟು ನಡುಗುತ್ತಿರುವವನನ್ನು ಕೂರಿಸಿ ವಿಚಾರಿಸುವ ವೈದ್ಯ ಎಲ್ಲಿ ಸಿಗಬೇಕು? ಆದರೆ ಇದರ ಪರಿಣಾಮ ದೊಡ್ಡದಾಯಿತು. ಆ ದಿನ ಅವನ ಸ್ಥಿತಿ ಹೇಗಿತ್ತು ಎಂದು ವೈದ್ಯರೊಬ್ಬರು ಬರೆದ ಒಂದು ಸಾಲೂ ಉಳಿಯಲಿಲ್ಲ.

ರಾತ್ರಿ ಊಟದ ತಂಡದ ಜೊತೆ ಹೋಗು ಎಂದು ಆದೇಶವಾಯಿತು. ಎಂಟರ ಹೊತ್ತಿಗೆ ಹೊರಟವನು ದಾರಿಯಲ್ಲಿ ಕಾಣೆಯಾದ. ಹನ್ನೊಂದರ ಸುಮಾರಿಗೆ ಸಾಗಣೆ ಠಾಣೆಯಲ್ಲೇ ಅಗ್ಗಿಷ್ಟಿಕೆಯ ಬಳಿ ಸಿಕ್ಕಿದ. ಯಾಕೆ ಬಂದೆ ಎಂದರೆ, ನನ್ನಿಂದ ತಡೆಯಲಾಗುತ್ತಿಲ್ಲ ಎಂದ. ಏನು ಹಾಗೆಂದರೆ ಎಂದು ಕೇಳಿದರೂ ಅದೇ ಮಾತು. ಆಗ ಸಾರ್ಜೆಂಟ್ ಮೇಜರ್ ಕಾವಲಿನಲ್ಲಿ ಎಳೆದೊಯ್ಯಲು ಹೇಳಿದರು, ಬೇಕಾದರೆ ಬಲವಂತದಿಂದ. ಸುಮಾರು 500 ಗಜ ಹೋಗುವಷ್ಟರಲ್ಲಿ ಫಾರ್ ಕಿರುಚಾಡಿ ಕೊಸರಾಡಲು ಶುರು ಮಾಡಿದ. ಹೋಗದಿದ್ದರೆ ಹೇಡಿತನದ ವಿಚಾರಣೆ ನಡೆಯುತ್ತದೆ ಎಂದು ಎಚ್ಚರಿಸಿದರು. ಕಂದಕಕ್ಕೆ ಹೋಗುವ ಸ್ಥಿತಿಯಲ್ಲಿ ನಾನಿಲ್ಲ ಎಂದ. ಕೊನೆಗೆ ಕೈ ಬಿಟ್ಟಾಗ ಎದ್ದು ಓಡಿದ್ದು ಮತ್ತೆ ಸಾಗಣೆ ಠಾಣೆಗೇ. ಅಲ್ಲಿ ಕಾವಲಿನಲ್ಲಿಟ್ಟರು.

ಇದಿಷ್ಟೂ ಸಾರ್ಜೆಂಟ್ ಮೇಜರ್ ಹೇಳಿಕೆಯಲ್ಲಿರುವುದು. ಫಾರ್ ಕೊಟ್ಟ ಹೇಳಿಕೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಒಂದು, ತನಗೆ ಹೊಲಸು ಬೈಗುಳ ಬೈದು, ನಿನ್ನನ್ನು ಗುಂಡಿಕ್ಕಿ ಕೊಲ್ಲಿಸುತ್ತೇನೆ ಎಂದು ಹೆದರಿಸಿದರು ಎಂಬುದು. ಇನ್ನೊಂದು, ತಳ್ಳಾಡಿ ಕೆಡವಿದ್ದರಿಂದಲೇ ತಾನು ಕಿರುಚಿದ್ದು, ಅದಾದ ಮೇಲೆ ಏನಾಯಿತೆಂಬುದು ತನಗೆ ಗೊತ್ತಿಲ್ಲ, ಎಚ್ಚರವಾದಾಗ ಕಾವಲಿನಲ್ಲಿದ್ದೆ ಎಂಬುದು. ನೆನಪು ಹೀಗೆ ನಡುವೆ ಕತ್ತರಿಸಿಹೋಗುವುದನ್ನು ಇಂದಿನ ಯಾವ ಮನೋವೈದ್ಯರೂ ಲಘುವಾಗಿ ನೋಡುವುದಿಲ್ಲ.

ನ್ಯಾಯಾಲಯ

ಅಕ್ಟೋಬರ್ 2ರಂದು ವೀಲ್–ಸುರ್–ಆಂಕ್ರ್ ಎಂಬಲ್ಲಿ ಫೀಲ್ಡ್ ಜನರಲ್ ಕೋರ್ಟ್ ಮಾರ್ಷಲ್ ಕೂಡಿತು. ಇದು ಯುದ್ಧಭೂಮಿಯಲ್ಲಿ ಬೇಗ ಮುಗಿಸಲೆಂದೇ ಮಾಡಿಕೊಂಡ ಸರಳ ರೂಪದ ಸೇನಾ ನ್ಯಾಯಾಲಯ. ಕನಿಷ್ಠ ಮೂವರು ಅಧಿಕಾರಿಗಳು ಇರಬೇಕು, ಮರಣದಂಡನೆಗೆ ಎಲ್ಲರ ಒಮ್ಮತ ಬೇಕು. ಅವರು ಕಾನೂನು ಓದಿದವರೇ ಆಗಿರಬೇಕೆಂಬ ನಿಯಮ ಇರಲಿಲ್ಲ. ಆರೋಪಿಯ ಪರ ಮಾತಾಡಲು ಒಬ್ಬ ಅಧಿಕಾರಿಯನ್ನು ಕೊಡುವ ಪದ್ಧತಿ ಇತ್ತು, ಅವನನ್ನು ಕೈದಿಯ ಸ್ನೇಹಿತ ಎನ್ನುತ್ತಿದ್ದರು. ಫಾರ್‌ಗೆ ಅಂಥ ಸ್ನೇಹಿತ ಇರಲಿಲ್ಲ. ಸಾಕ್ಷಿಗಳ ಪಾಟೀಸವಾಲು, ತನ್ನ ಸಮರ್ಥನೆ ಎಲ್ಲವೂ ಅವನ ಹೆಗಲಿಗೇ ಬಿತ್ತು. ವಿಚಾರಣೆ ಬೇಗ ಮುಗಿಯಿತು.

ಆರೋಪ ಹೊರಿಸಿದ್ದು 1881ರ ಆರ್ಮಿ ಆ್ಯಕ್ಟಿನ 4ನೇ ಕಲಮಿನ 7ನೇ ಉಪಕಲಮಿನ ಕೆಳಗೆ: ಶತ್ರುವಿನ ಎದುರು ಹೇಡಿತನ ತೋರುವ ರೀತಿಯ ದುರ್ವರ್ತನೆ. ಇದರಡಿ ತಪ್ಪು ಸಾಬೀತಾಗಬೇಕಾದರೆ ಭಯದಿಂದ ಕರ್ತವ್ಯ ಬಿಟ್ಟ ಎಂಬುದು ಸ್ಥಾಪಿತವಾಗಬೇಕು. ಕಾಯಿಲೆಯಿಂದ ಬಿಟ್ಟಿದ್ದರೆ ಆರೋಪವೇ ನಿಲ್ಲುವುದಿಲ್ಲ. ಹಾಗಾಗಿ ಇಡೀ ಮೊಕದ್ದಮೆ ಒಂದೇ ಅಂಶದ ಮೇಲೆ ನಿಂತಿತ್ತು. ಸೆಪ್ಟೆಂಬರ್ 17ರ ರಾತ್ರಿ ಈ ಮನುಷ್ಯ ರೋಗಿಯಾಗಿದ್ದನೇ, ಇಲ್ಲವೇ?

ಈ ಅಂಶದ ಬಗ್ಗೆ ನ್ಯಾಯಾಲಯದ ಮುಂದೆ ಇದ್ದದ್ದೇನು? ಒಂದು, ಫಾರ್ ತಾನೇ ಹೇಳಿದ ಚಿಕಿತ್ಸೆಯ ಇತಿಹಾಸ. ಎರಡು, ಏಪ್ರಿಲ್ ಮತ್ತು ಜುಲೈ ತಿಂಗಳಲ್ಲಿ ಅವನು ನರದೌರ್ಬಲ್ಯಕ್ಕೆ ಚಿಕಿತ್ಸೆ ಪಡೆದದ್ದನ್ನು ಖಚಿತಪಡಿಸಿದ ಒಬ್ಬ ಸಾರ್ಜೆಂಟನ ಸಾಕ್ಷ್ಯ. ಮೂರು, ವಿಚಾರಣೆಯ ದಿನವೇ ಸೇನಾ ವೈದ್ಯರೊಬ್ಬರು ಬರೆದುಕೊಟ್ಟ ಒಂದು ವಾಕ್ಯದ ಪ್ರಮಾಣಪತ್ರ. ಅಕ್ಟೋಬರ್ 2ರಂದು ಪರೀಕ್ಷಿಸಿದ್ದಾಗಿಯೂ ಅವನ ದೇಹ ಮತ್ತು ಮನಸ್ಸಿನ ಸ್ಥಿತಿ ತೃಪ್ತಿಕರವಾಗಿದೆಯೆಂದೂ ಅದು ಹೇಳುತ್ತಿತ್ತು. ಅವನಿಗೆ ಹಿಂದೆ ಚಿಕಿತ್ಸೆ ಕೊಟ್ಟಿದ್ದ ಬೆಟಾಲಿಯನ್ ವೈದ್ಯಾಧಿಕಾರಿ ಗಾಯಗೊಂಡು ಹೋಗಿದ್ದರು, ಅವರ ಸಾಕ್ಷ್ಯ ಸಿಗಲಿಲ್ಲ. ಬುಲೋನಿನ ಆಸ್ಪತ್ರೆಯ ದಾಖಲೆಯನ್ನು ತರಿಸಿ ನೋಡಲಿಲ್ಲ.

ಕಂಪನಿಯ ಮುಖ್ಯ ಅಧಿಕಾರಿ ನಡತೆಯ ಬಗ್ಗೆ ಕೊಟ್ಟ ಬರಹವನ್ನು ಎರಡು ಸಲ ಓದಬೇಕು. ಈತನ ನರಗಳನ್ನು ಹಾಳುಮಾಡಿದ್ದು ಯಾವುದೆಂದು ಹೇಳಲಾರೆ, ಆದರೆ ಕದನದಲ್ಲಿ ತಲೆ ಸ್ತಿಮಿತದಲ್ಲಿಟ್ಟುಕೊಳ್ಳಲು ಆಗದವನು, ಇತರರಲ್ಲೂ ದಿಗಿಲು ಹಬ್ಬಿಸಬಲ್ಲವನು ಎಂದು ಹಲವು ಬಾರಿ ತೋರಿಸಿಕೊಂಡಿದ್ದಾನೆ ಎಂದು ಅವರು ಬರೆದರು. ಗುಂಡಿನ ಅಡಿಯಲ್ಲಿನ ವರ್ತನೆ ಬಿಟ್ಟರೆ ನಡತೆ, ಗುಣ ಬಹಳ ಒಳ್ಳೆಯದು ಎಂದೂ ಸೇರಿಸಿದರು. ನರಗಳು ಹಾಳಾಗಿವೆ ಎಂಬುದನ್ನು ಅವನ ವಿರುದ್ಧದ ಪತ್ರವೇ ಒಪ್ಪಿಕೊಂಡಿದೆ. ಹಾಳಾದ ನರಗಳು ಕಾಯಿಲೆಯೋ ಅಪರಾಧವೋ ಎಂದು ಆ ಸಾಲನ್ನು ಓದಿದ ಯಾರೂ ನಿಂತು ಕೇಳಿಕೊಳ್ಳಲಿಲ್ಲ.

ಈಗ ಆ ಮಾತಿಗೆ ಬರೋಣ. ನ್ಯಾಯಾಲಯ ಫಾರ್‌ನನ್ನು ಕೇಳಿತು: ಅಂದಿನಿಂದ ಇಂದಿನವರೆಗೆ ಕಾಯಿಲೆ ಎಂದು ವೈದ್ಯರ ಬಳಿ ಹೋಗಲು ಅವಕಾಶ ಇತ್ತಲ್ಲ, ಯಾಕೆ ಹೋಗಲಿಲ್ಲ? ಅವನ ಉತ್ತರ: ಷೆಲ್ಲುಗಳ (ಸಿಡಿಯುವ ಫಿರಂಗಿ ಗುಂಡುಗಳ) ಸದ್ದಿನಿಂದ ದೂರ ಇದ್ದಾಗ ನನಗೆ ಎಷ್ಟೋ ವಾಸಿ ಅನ್ನಿಸುತ್ತದೆ.

ನ್ಯಾಯಾಧೀಶರ ಕಿವಿಗೆ ಇದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿರಬೇಕು. ದೂರ ಇದ್ದರೆ ಆರೋಗ್ಯ, ಹತ್ತಿರ ಹೋದರೆ ಕಾಯಿಲೆ, ಎಂದರೆ ಅದು ಭಯವಲ್ಲದೆ ಇನ್ನೇನು? ವೈದ್ಯನ ಕಿವಿಗೆ ಇದೇ ಮಾತು ರೋಗಲಕ್ಷಣದ ವಿವರಣೆ. ಸ್ಫೋಟಗಳ ನಡುವೆ ಕುಸಿದ ಮನಸ್ಸು ಆ ಸದ್ದನ್ನು ಮತ್ತೆ ಕೇಳಿದೊಡನೆ ಹಿಂದಿನದನ್ನೇ ಮತ್ತೆ ಅನುಭವಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ನಡುಗುತ್ತವೆ, ಹಿಡಿದು ಎಳೆದರೆ ಕಿರುಚಾಟ, ಕೊಸರಾಟ, ಆಮೇಲೆ ಮರೆವು. ಸದ್ದಿನಿಂದ ದೂರ ಒಯ್ದರೆ ಲಕ್ಷಣ ಇಳಿಯುತ್ತದೆ. ಬೇರು ಮಾತ್ರ ಹಾಗೇ ಇರುತ್ತದೆ. ಹದಿನೈದು ದಿನ ಶಾಂತ ಜಾಗದಲ್ಲಿ ಕಾವಲಿನಲ್ಲಿದ್ದ ಮನುಷ್ಯನನ್ನು ಪರೀಕ್ಷಿಸಿ ಇಂದು ತೃಪ್ತಿಕರ ಎಂದು ಬರೆದರೆ, ಅದರಿಂದ ಸೆಪ್ಟೆಂಬರ್ 17ರ ರಾತ್ರಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟು ಜ್ವರ ಬಂದೇ ಇರಲಿಲ್ಲ ಎಂದ ಹಾಗಾಯಿತು.

ನೂರು ವರ್ಷದ ಈಚೆ ಕೂತು, ಹಾಳೆಗಳನ್ನು ನೋಡಿ ಅವನಿಗೆ ಇಂಥದೇ ಕಾಯಿಲೆ ಇತ್ತು ಎಂದು ಶಿಕ್ಕಾ ಒತ್ತುವುದು ಸರಿಯಲ್ಲ. ಆದರೆ ಅಂದು ಇದ್ದ ಜ್ಞಾನದ ಮಟ್ಟದಲ್ಲೇ ಈ ಪ್ರಶ್ನೆ ಕೇಳಬಹುದಾಗಿತ್ತು. ಚಾರ್ಲ್ಸ್ ಮೈಯರ್ಸ್ ಎಂಬ ಸೇನಾ ವೈದ್ಯ ಷೆಲ್ ಶಾಕ್, ಅಂದರೆ ಷೆಲ್ ಆಘಾತ, ಎಂಬ ಹೆಸರು ಬಳಸಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದದ್ದು 1915ರ ಫೆಬ್ರವರಿಯಲ್ಲಿ. 1916ರ ಹೊತ್ತಿಗೆ ಸೇನೆಯೇ ಈ ರೋಗಿಗಳನ್ನು ಎರಡು ಗುಂಪು ಮಾಡುತ್ತಿತ್ತು. ಷೆಲ್ ಹತ್ತಿರದಲ್ಲೇ ಸಿಡಿದು ಆದದ್ದಾದರೆ ಗಾಯಾಳು, ಅದಿಲ್ಲದೆ ಆದದ್ದಾದರೆ ಬರೀ ಅಸ್ವಸ್ಥ. ಮೊದಲ ಗುಂಪಿಗೆ ಗಾಯದ ಪಟ್ಟಿ, ಪಿಂಚಣಿಯ ಹಕ್ಕು. ಎರಡನೆಯ ಗುಂಪಿಗೆ ಅನುಮಾನ. ಅಧಿಕಾರಿಗಳಿಗಾಗಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ ತೆರೆದದ್ದು ಫಾರ್ ಸತ್ತ ಅದೇ 1916ರ ಅಕ್ಟೋಬರಿನಲ್ಲಿ. ಅಲ್ಲಿ ಮಾತುಕತೆಯ ಚಿಕಿತ್ಸೆ, ವಿಶ್ರಾಂತಿ, ಆಟ ಎಲ್ಲ ಇತ್ತು. ಅಧಿಕಾರಿಗಳೆಲ್ಲ ಪಾರಾದರು ಎಂದೇನಲ್ಲ, ಇಡೀ ಯುದ್ಧದಲ್ಲಿ ಮೂವರು ಬ್ರಿಟಿಷ್ ಅಧಿಕಾರಿಗಳಿಗೂ ಮರಣದಂಡನೆ ಆಯಿತು. ಉಳಿದ ಮುನ್ನೂರಕ್ಕೂ ಹೆಚ್ಚು ಜನ ಸಾಮಾನ್ಯ ಸೈನಿಕರು.

ಕಡತ ಮೇಲಕ್ಕೆ ಹೋದದ್ದು

ತೀರ್ಪು ಮರಣದಂಡನೆ. ಆದರೆ ಕೋರ್ಟ್ ಮಾರ್ಷಲ್ ತೀರ್ಪು ತಾನಾಗಿ ಜಾರಿಯಾಗುವುದಿಲ್ಲ, ಪ್ರಧಾನ ದಂಡನಾಯಕ ಅದನ್ನು ದೃಢೀಕರಿಸಬೇಕು. ಅಲ್ಲಿಗೆ ಮುಟ್ಟುವ ಮುನ್ನ ಕಡತ ಬೆಟಾಲಿಯನ್, ಬ್ರಿಗೇಡ್, ಡಿವಿಷನ್, ಕೋರ್, ಆರ್ಮಿ ಎಂಬ ಮೆಟ್ಟಿಲುಗಳನ್ನು ಹತ್ತಬೇಕು, ಪ್ರತಿ ಮೆಟ್ಟಿಲಲ್ಲೂ ಒಬ್ಬರು ಷರಾ ಬರೆಯಬೇಕು. ಬರೆಯುವಾಗ ನೋಡುತ್ತಿದ್ದುದು ಸೈನಿಕನಾಗಿ ಈತ ಹೇಗೆ, ಈತನ ಬೆಟಾಲಿಯನ್ನಿನಲ್ಲಿ ಶಿಸ್ತು ಹೇಗಿದೆ, ಉಳಿದವರಿಗೆ ಎಚ್ಚರಿಕೆ ಆಗುವಂತೆ ದಂಡನೆ ಜಾರಿಯಾಗಬೇಕೇ ಎಂಬುದನ್ನು. ಈತ ರೋಗಿಯೇ ಎಂಬ ಪ್ರಶ್ನೆಯನ್ನು ನ್ಯಾಯಾಲಯವೇ ಬಗೆಹರಿಸಿಬಿಟ್ಟಿದೆ ಎಂಬುದು ಎಲ್ಲರ ಗ್ರಹಿಕೆ. ನ್ಯಾಯಾಲಯವೋ, ಒಂದು ವಾಕ್ಯದ ಪ್ರಮಾಣಪತ್ರ ನೋಡಿ ಬಗೆಹರಿಸಿತ್ತು.

14ನೇ ಕೋರಿನ ದಂಡನಾಯಕ ಲಾರ್ಡ್ ಕ್ಯಾವನ್ ಬರೆದ ಷರಾ ನಿರ್ಣಾಯಕವಾಗಿ ಕಾಣುತ್ತದೆ. ಹೇಡಿತನ ಸ್ಪಷ್ಟವಾಗಿ ಸಾಬೀತಾಗಿದೆ, ಸಾರ್ಜೆಂಟ್ ಮೇಜರ್‌ಗೆ ಈತನ ಬಗ್ಗೆ ಕೆಟ್ಟ ಅಭಿಪ್ರಾಯವಿದೆ, ಈತ ಕೆಲಸಕ್ಕೆ ಬಾರದವನೆಂದು ಜೊತೆಯವರಿಗೂ ಗೊತ್ತು ಎಂದು ಡಿವಿಷನ್ ದಂಡನಾಯಕರು ತಿಳಿಸಿದ್ದಾರೆ, ಆದ್ದರಿಂದ ಶಿಕ್ಷೆ ಜಾರಿಯಾಗಲಿ ಎಂಬ ಧಾಟಿ. ಗಮನಿಸಿ: ಕಂಪನಿ ಅಧಿಕಾರಿ ಬರೆದಿದ್ದ ‘ನಡತೆ ಬಹಳ ಒಳ್ಳೆಯದು’ ಎಂಬ ಮಾತು ಮೇಲೇರುವ ಹೊತ್ತಿಗೆ ಬಿದ್ದುಹೋಗಿದೆ. ಕಚೇರಿಗಳಲ್ಲಿ ಕಡತ ನೋಡಿದವರಿಗೆ ಇದು ಪರಿಚಿತ. ಒಬ್ಬರ ಷರಾ ಮೇಲೆ ಇನ್ನೊಬ್ಬರು ಷರಾ ಬರೆಯುತ್ತಾರೆ, ಮೂಲ ಹಾಳೆಯನ್ನು ತಿರುವಿ ನೋಡುವವರು ಕಡಿಮೆ.

ಪ್ರಧಾನ ದಂಡನಾಯಕ ಡಗ್ಲಸ್ ಹೇಗ್ ಅಕ್ಟೋಬರ್ 14ರಂದು ದೃಢೀಕರಿಸಿ ಸಹಿ ಹಾಕಿದರು. ಹೇಗ್ ತಮ್ಮ ಮುಂದೆ ಬಂದ ಪ್ರತಿಯೊಂದಕ್ಕೂ ಸಹಿ ಹಾಕುತ್ತಿದ್ದರು ಎಂಬ ನಂಬಿಕೆ ಇದೆ, ಅದು ನಿಜವಲ್ಲ. ಆ ಯುದ್ಧದಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯಗಳು ವಿಧಿಸಿದ ಮರಣದಂಡನೆಗಳು ಮೂರು ಸಾವಿರಕ್ಕೂ ಹೆಚ್ಚು, ಜಾರಿಯಾದವು 346. ಹತ್ತರಲ್ಲಿ ಸುಮಾರು ಒಂಬತ್ತು ಜನರ ಶಿಕ್ಷೆಯನ್ನು ಇಳಿಸಲಾಯಿತು. ಜಾರಿಯಾದವುಗಳಲ್ಲಿ 266 ಪಲಾಯನಕ್ಕೆ, 37 ಕೊಲೆಗೆ. ಹೇಡಿತನಕ್ಕೆ ಆದದ್ದು ಬರೀ 18.

ಹಾಗಾದರೆ ಫಾರ್ ಯಾಕೆ ಆ ಹದಿನೆಂಟರಲ್ಲಿ ಒಬ್ಬನಾದ? ಕಾಯಿಲೆಗಿಂತ ಕಾಲವೇ ಅವನಿಗೆ ಮುಳುವಾಯಿತು. ಘಟನೆ ನಡೆದದ್ದು ಎರಡು ದಾಳಿಗಳ ನಡುವಿನ ರಾತ್ರಿ, ಜೊತೆಯವರೆಲ್ಲ ಅದೇ ಕಂದಕಕ್ಕೆ ಸಾಲಾಗಿ ಹೋಗುತ್ತಿರುವಾಗ. ಕ್ವಾಡ್ರಿಲ್ಯಾಟರಲ್ 18ರಂದು ಬ್ರಿಟಿಷರ ಕೈಗೆ ಬಂತು, ಆದರೆ ಸೋಮ್ ಕದನ ಇನ್ನೂ ಎರಡು ತಿಂಗಳು ಎಳೆಯುವುದಿತ್ತು. ಇಂಥ ಹೊತ್ತಿನಲ್ಲಿ ಒಬ್ಬನನ್ನು ಬಿಟ್ಟರೆ ಹತ್ತು ಜನ ಕೂರುತ್ತಾರೆ ಎಂಬ ಲೆಕ್ಕ ಪ್ರತಿ ಷರಾದ ಹಿಂದೆಯೂ ಇದೆ. ಶಿಸ್ತಿಲ್ಲದೆ ಸೇನೆ ನಡೆಯದು, ಒಪ್ಪೋಣ. ಆದರೆ ಅದೇ ಕಂದಕಗಳಲ್ಲಿ ಪಕ್ಕದಲ್ಲೇ ಹೋರಾಡಿದ ಆಸ್ಟ್ರೇಲಿಯದ ಸೈನಿಕರಿಗೆ ಅವರ ದೇಶದ ಕಾನೂನಿನ ರಕ್ಷಣೆ ಇತ್ತು, ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮರಣದಂಡನೆ ಜಾರಿ ಮಾಡುವಂತಿರಲಿಲ್ಲ. ಪಲಾಯನಕ್ಕಾಗಲಿ ಹೇಡಿತನಕ್ಕಾಗಲಿ ಒಬ್ಬ ಆಸ್ಟ್ರೇಲಿಯನ್ನನನ್ನೂ ಗುಂಡಿಕ್ಕಲಿಲ್ಲ. ಆ ಸೇನೆ ಕುಸಿದುಹೋಯಿತೆಂದು ಯಾರೂ ಹೇಳಿಲ್ಲ.

ಆ ಬೆಳಗು

ಇಂಥ ದಂಡನೆಗಳನ್ನು ಜಾರಿ ಮಾಡುವ ಕ್ರಮ ಬಹುತೇಕ ಒಂದೇ ಬಗೆಯಾಗಿತ್ತು. ಹಿಂದಿನ ದಿನ ಕೈದಿಗೆ ಶಿಕ್ಷೆ ದೃಢವಾದದ್ದನ್ನು ಓದಿ ಹೇಳುತ್ತಿದ್ದರು. ರಾತ್ರಿ ಪಾದ್ರಿಯೊಬ್ಬರು ಜೊತೆಗಿರುತ್ತಿದ್ದರು. ಗುಂಡಿಕ್ಕುವ ತಂಡದಲ್ಲಿ ಸಾಮಾನ್ಯವಾಗಿ ಹನ್ನೆರಡು ಜನ, ಎಷ್ಟೋ ಸಲ ಕೈದಿಯ ಬೆಟಾಲಿಯನ್ನಿನವರೇ. ನೆಲಕ್ಕೆ ಹುಗಿದ ಕಂಬಕ್ಕೆ ಕೈದಿಯನ್ನು ಕಟ್ಟಿ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ವೈದ್ಯಾಧಿಕಾರಿ ಎದೆಯ ಮೇಲೆ ಹೃದಯದ ನೇರಕ್ಕೆ ಬಿಳಿ ಬಟ್ಟೆಯ ಚೂರೊಂದನ್ನು ಸಿಕ್ಕಿಸುತ್ತಿದ್ದರು. ಒಂದು ಬಂದೂಕಿಗೆ ಸೀಸವಿಲ್ಲದ ಖಾಲಿ ತೋಟಾ ತುಂಬುವುದೂ ಇತ್ತು, ಕೊಂದದ್ದು ತಾನಲ್ಲವೇನೋ ಎಂದು ಪ್ರತಿಯೊಬ್ಬನೂ ಅಂದುಕೊಳ್ಳಲಿ ಎಂದು. ಅನುಭವಿ ಸೈನಿಕನಿಗೆ ಬಂದೂಕಿನ ಒದೆತದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ, ಹಾಗಾಗಿ ಅದರಿಂದ ಸಿಗುತ್ತಿದ್ದ ಸಮಾಧಾನ ಕಡಿಮೆ. ಗುಂಡು ಹೊಡೆದ ಮೇಲೂ ಜೀವ ಉಳಿದಿದ್ದರೆ ತಂಡದ ಅಧಿಕಾರಿ ತನ್ನ ರಿವಾಲ್ವರಿನಿಂದ ಮುಗಿಸಬೇಕಿತ್ತು.

ಫಾರ್ ಕಣ್ಣಿಗೆ ಬಟ್ಟೆ ಬೇಡ ಎಂದ. ತನ್ನನ್ನು ಕೊಲ್ಲುವವರನ್ನು ನೋಡುತ್ತಲೇ ನಿಂತ. ಇವನಿಗಿಂತ ಒಳ್ಳೆಯ ಸೈನಿಕ ಇರಲಿಲ್ಲ ಎಂದು ಸೇನೆಯ ಪಾದ್ರಿ ಅವನ ಹೆಂಡತಿಗೆ ತಿಳಿಸಿದ್ದನ್ನು ಕುಟುಂಬ ಕೊನೆಯವರೆಗೂ ನೆನಪಿಟ್ಟುಕೊಂಡಿತ್ತು. ಹೇಡಿ ಎಂದು ಬರೆದವರ ಪೈಕಿ ಯಾರಾದರೂ ಅಲ್ಲಿದ್ದು ಈ ಒಂದು ನಿಮಿಷವನ್ನು ನೋಡಬೇಕಾಗಿತ್ತು. ಷೆಲ್ ಬೀಳದ ಜಾಗದಲ್ಲಿ ಈ ಮನುಷ್ಯ ಸಾವಿಗೂ ಅಂಜಲಿಲ್ಲ. ಅವನ ಕಾಯಿಲೆ ಏನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವೈದ್ಯಕೀಯ ಸಾಕ್ಷ್ಯ ಆ ಕಡತದಲ್ಲಿ ಇನ್ನೊಂದಿಲ್ಲ.

ಮನೆ

ಹೆಂಡತಿಗೆ ಯುದ್ಧ ಕಚೇರಿಯಿಂದ ಕಾಗದ ಬಂತು: ನಿಮ್ಮ ಗಂಡ ಹೇಡಿತನಕ್ಕಾಗಿ ಶಿಕ್ಷೆಗೊಳಗಾಗಿ ಗುಂಡಿಗೆ ಬಲಿಯಾಗಿದ್ದಾನೆ. ಅವಳು ಅದನ್ನು ರವಿಕೆಯೊಳಗೆ ತುರುಕಿಕೊಂಡಳು, ಯಾರಿಗೂ ತೋರಿಸಲಿಲ್ಲ. ಆದರೆ ಪಿಂಚಣಿಯ ವಿಷಯ ಮುಚ್ಚಿಡುವಂಥದಲ್ಲ. ವಿಧವೆಗೂ ಮಗುವಿಗೂ ಬರುತ್ತಿದ್ದ ಹಣ ನಿಂತಿತು. ಇದ್ದ ಮನೆ ಬಿಡಬೇಕಾಯಿತು, ಮಗಳನ್ನು ಕರೆದುಕೊಂಡು ಸಿರಿವಂತರ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಫಾರ್‌ನ ತಂದೆ ಮನೆಯಲ್ಲಿ ಮಗನ ಹೆಸರೆತ್ತಲು ಬಿಡಲಿಲ್ಲ. ಅಪ್ಪ ಹೇಗೆ ಸತ್ತ ಎಂಬುದು ಮಗಳಿಗೆ ತಿಳಿದದ್ದು ಅವಳಿಗೇ ನಲವತ್ತು ತುಂಬಿದ ನಂತರ. ವಿಧವೆ 1993ರವರೆಗೆ ಬದುಕಿದ್ದಳು.

ಕಾನೂನು ಬದಲಾದದ್ದು

ಯುದ್ಧ ಮುಗಿದ ಮೇಲೆ ಲಾರ್ಡ್ ಸೌತ್‌ಬರೋ ಅಧ್ಯಕ್ಷತೆಯ ಸಮಿತಿ ಷೆಲ್ ಶಾಕ್ ಬಗ್ಗೆ ವಿಚಾರಣೆ ನಡೆಸಿ 1922ರಲ್ಲಿ ವರದಿ ಕೊಟ್ಟಿತು. ಲೇಬರ್ ಪಕ್ಷದ ಸಂಸದ ಅರ್ನೆಸ್ಟ್ ಥರ್ಟಲ್ ವರ್ಷಗಳ ಕಾಲ ಪಟ್ಟುಹಿಡಿದು ಹೋರಾಡಿದ ಫಲವಾಗಿ 1930ರಲ್ಲಿ ಹೇಡಿತನಕ್ಕೂ ಪಲಾಯನಕ್ಕೂ ಇದ್ದ ಮರಣದಂಡನೆ ರದ್ದಾಯಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಈ ಕಾರಣಗಳಿಗೆ ಒಬ್ಬ ಸೈನಿಕನನ್ನೂ ಕೊಲ್ಲಲಿಲ್ಲ.

ಸತ್ತವರ ವಿಷಯಕ್ಕೆ ಮಾತ್ರ ಯಾರೂ ಕೈಹಾಕಲಿಲ್ಲ. ಕೋರ್ಟ್ ಮಾರ್ಷಲ್ ಕಡತಗಳನ್ನು ದಶಕಗಳ ಕಾಲ ಮುಚ್ಚಿಟ್ಟಿದ್ದರು. 1990ರ ದಶಕದಲ್ಲಿ ಅವು ತೆರೆದಾಗಲೇ ಕುಟುಂಬಗಳಿಗೆ ವಿಚಾರಣೆ ಹೇಗೆ ನಡೆದಿತ್ತೆಂದು ತಿಳಿದದ್ದು. ಸಂಸದ ಆಂಡ್ರೂ ಮೆಕಿನ್ಲೆ ಸಂಸತ್ತಿನಲ್ಲಿ ಈ ವಿಷಯವನ್ನು ಮತ್ತೆಮತ್ತೆ ಎತ್ತಿದರು. 1993ರಲ್ಲಿ ಪ್ರಧಾನಿ ಜಾನ್ ಮೇಜರ್ ಕ್ಷಮಾದಾನ ನಿರಾಕರಿಸಿದರು. 1998ರಲ್ಲಿ ಸರ್ಕಾರ ವಿಷಾದ ಹೇಳಿತು, ಕ್ಷಮಾದಾನ ಕೊಡಲಿಲ್ಲ. ಅಷ್ಟು ಹಳೆಯ ದಾಖಲೆಗಳಿಂದ ಯಾರು ರೋಗಿ, ಯಾರು ಅಲ್ಲ ಎಂದು ಬೇರೆ ಮಾಡಲಾಗದು ಎಂಬುದು ಕೊಟ್ಟ ಕಾರಣ.

ಫಾರ್ ಕುಟುಂಬ ಹೈಕೋರ್ಟಿಗೆ ಹೋಯಿತು. ಅಷ್ಟು ಹೊತ್ತಿಗೆ ಮಗಳಿಗೆ ತೊಂಬತ್ತು ದಾಟಿತ್ತು. ಈ ಒಂದು ಪ್ರಕರಣದಲ್ಲಿ ದಾಖಲೆ ಸಾಲದು ಎಂಬ ವಾದ ನಿಲ್ಲುವುದು ಕಷ್ಟವಿತ್ತು, ಚಿಕಿತ್ಸೆಯ ಇತಿಹಾಸ ವಿಚಾರಣೆಯ ಹಾಳೆಗಳಲ್ಲೇ ಇತ್ತಲ್ಲ. ತೀರ್ಪು ಬರುವ ಮುನ್ನವೇ, 2006ರ ಆಗಸ್ಟಿನಲ್ಲಿ ರಕ್ಷಣಾ ಸಚಿವ ಡೆಸ್ ಬ್ರೌನ್ ಎಲ್ಲರಿಗೂ ಒಟ್ಟಾಗಿ ಕ್ಷಮಾದಾನ ಘೋಷಿಸಿದರು. ಅದೇ ವರ್ಷದ ಸಶಸ್ತ್ರ ಪಡೆಗಳ ಕಾಯ್ದೆಯ 359ನೇ ಕಲಮಿನ ಮೂಲಕ ಅದು ಜಾರಿಗೆ ಬಂತು. 306 ಜನ ಇದರಡಿ ಬಂದರು, ಕೊಲೆ ಮಾಡಿದವರು ಸೇರಿಲ್ಲ. ಬ್ರಿಟಿಷರ ಆರ್ಮಿ ಆ್ಯಕ್ಟಿನ ಜೊತೆಗೆ 1911ರ ಇಂಡಿಯನ್ ಆರ್ಮಿ ಆ್ಯಕ್ಟಿನ ಅಪರಾಧಗಳನ್ನೂ ಆ ಕಲಮು ಹೆಸರಿಸುತ್ತದೆ.

ಆದರೆ ಕಲಮಿನ ಕೊನೆಯ ಭಾಗವನ್ನು ಓದದೆ ಈ ಕ್ಷಮಾದಾನದ ಬೆಲೆ ತಿಳಿಯದು. ಇದರಿಂದ ಅಪರಾಧ ಸಾಬೀತಾದದ್ದಕ್ಕಾಗಲಿ ವಿಧಿಸಿದ ಶಿಕ್ಷೆಗಾಗಲಿ ಬಾಧೆಯಿಲ್ಲ, ಯಾವುದೇ ಹಕ್ಕು ಅಥವಾ ಪರಿಹಾರ ಹುಟ್ಟುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಫಾರ್ ಇಂದಿಗೂ ಹೇಡಿತನದ ಅಪರಾಧಿ, ಕ್ಷಮಿಸಲ್ಪಟ್ಟವನು ಅಷ್ಟೆ. ಕುಟುಂಬ ಇಷ್ಟನ್ನು ಸಂತೋಷದಿಂದ ಸ್ವೀಕರಿಸಿತು. ಅವರ ಸಂತೋಷಕ್ಕೆ ಗೌರವ ಕೊಡುತ್ತಲೇ, ತೀರ್ಪನ್ನೇ ಬದಿಗಿಡಬೇಕಿತ್ತು ಎನ್ನಲು ಈ ಪ್ರಕರಣದಲ್ಲಿ ಸಾಕಷ್ಟು ಆಧಾರವಿದೆ ಎಂಬುದೇ ನಮ್ಮ ಅಭಿಪ್ರಾಯ.

ಅವನ ಗೋರಿ ಉಳಿದಿಲ್ಲ. ಸೋಮ್‌ನಲ್ಲಿ ಸತ್ತು ಗೋರಿ ತಿಳಿಯದ 72,000ಕ್ಕೂ ಹೆಚ್ಚು ಜನರ ಹೆಸರು ಕೆತ್ತಿರುವ ಟಿಯೆಪ್ವಾಲ್ ಸ್ಮಾರಕದಲ್ಲಿ ಹ್ಯಾರಿ ಫಾರ್ ಹೆಸರೂ ಇದೆ. ಅದರ ಶಿಲ್ಪಿ ಎಡ್ವಿನ್ ಲಟ್ಯೆನ್ಸ್, ದೆಹಲಿಯ ಇಂಡಿಯಾ ಗೇಟ್ ಕಟ್ಟಿದವರೇ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಆಲ್ರಿವಾಸ್‌ನಲ್ಲಿ 2001ರಲ್ಲಿ ಇನ್ನೊಂದು ಸ್ಮಾರಕ ಆಯಿತು. ಹದಿನೇಳರ ಹರೆಯದಲ್ಲಿ ಗುಂಡಿಗೆ ಬಲಿಯಾದ ಹರ್ಬರ್ಟ್ ಬರ್ಡನ್ ಮಾದರಿಯಲ್ಲಿ ಕಡೆದ ಮೂರ್ತಿ, ಅದರ ಹಿಂದೆ ಸತ್ತ ಒಬ್ಬೊಬ್ಬರ ಹೆಸರಿಗೂ ಒಂದೊಂದು ಮರದ ಕಂಬ.

ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಮೂಲ ಕಡತ ಇದೆ. ಕ್ಷಮಾದಾನ ಸಿಕ್ಕಿದ್ದನ್ನು ತಿಳಿಸುವ 2006ರ ಹಾಳೆಯನ್ನು ಅದಕ್ಕೆ ಸೇರಿಸಿದ್ದಾರೆ. ಅಕ್ಟೋಬರ್ 2ರಂದು ವೈದ್ಯರು ಬರೆದುಕೊಟ್ಟ ‘ತೃಪ್ತಿಕರ’ ಎಂಬ ಚೀಟಿಯೂ ಅದೇ ಕಡತದಲ್ಲಿದೆ.